ಮೈಕೋರೈಜಾ ಹಾಕುವವರೇ, ಪುಡಿ ಬೇರಿಗೆ ತಾಗಲಿ

ಮೈಕೋರೈಜಾ ಅಂದರೆ ಬೇರಿನ ಜೊತೆ ಬಾಳುತ್ತಾ ಗಿಡಕ್ಕೆ ರಂಜಕದಂಥ (ಫಾಸ್ಫರಸ್) ಪೋಷಕಾಂಶ ತಂದುಕೊಡುವ ಶಿಲೀಂಧ್ರ. ತರಕಾರಿ ಗಿಡಕ್ಕೆ ಅದರ ಪುಡಿ ಹಾಕುವವರು ಮಣ್ಣಿನ ಮೇಲೆ ಸುಮ್ನೆ ಉದುರಿಸಬೇಡಿ. ಸಸಿ ನೆಡುವಾಗ ಗುಂಡಿಯೊಳಗೆ, ಬೇರಿಗೆ ತಾಗುವ ಹಾಗೆ ಹಾಕಿ. ಈ ಶಿಲೀಂಧ್ರ ಜೀವಂತ ಬೇರಿನೊಳಗೆ ಸೇರಿಕೊಂಡರೆ ಮಾತ್ರ ಬದುಕಿ ಬೆಳೆಯುತ್ತದೆ.

ಸೇರಿಕೊಳ್ಳುವುದು ಅಷ್ಟು ಸುಲಭ ಅಲ್ಲ. ಬಂದಿರುವುದು ರೋಗವೋ ನೆಂಟನೋ ಅಂತ ಗಿಡಕ್ಕೆ ಗೊತ್ತಾಗಬೇಕಲ್ವಾ? ಮೊದಲು ಬೇರು ಸ್ಟ್ರೈಗೋಲ್ಯಾಕ್ಟೋನ್ ಎಂಬ ರಾಸಾಯನಿಕ ಬಿಟ್ಟು ಶಿಲೀಂಧ್ರವನ್ನು ಕರೆಯುತ್ತದೆ. ಆಮೇಲಿನ ಮಾತುಕತೆಯಲ್ಲಿ ಸಣ್ಣ ಆರ್‌ಎನ್‌ಎಗಳೂ (ಜೀನ್‌ಗಳ ಕೆಲಸವನ್ನು ಹತೋಟಿಯಲ್ಲಿಡುವ ಪುಟ್ಟ ಅಣುಗಳು) ಕೈಜೋಡಿಸುತ್ತವೆ. ಒಂದೊಂದರ ಉದ್ದ ಸುಮಾರು 20ರಿಂದ 24 ಅಕ್ಷರ (ಅಣುವಿನ ಸರಪಳಿಯ ಕೊಂಡಿಗಳು), ಅಷ್ಟೇ!

ನೀಲಗಿರಿ ಮರದಲ್ಲಿ ಇದನ್ನು ಹತ್ತಿರದಿಂದ ನೋಡಿದ್ದಾರೆ. ಅಲ್ಲಿರುವುದು ಬೇರೆ ಬಗೆಯ ಮೈಕೋರೈಜಾ, ಹೆಸರು ಪೈಸೋಲಿಥಸ್. ಅದರ ಒಂದು ಪುಟ್ಟ ಆರ್‌ಎನ್‌ಎ ಬೇರಿನ ಜೀವಕೋಶದೊಳಗೇ ಹೋಗುತ್ತದೆ ಅಂತ 2022ರಲ್ಲಿ ಪ್ರಕಟವಾಯಿತು. ಅದನ್ನು ತಡೆದಾಗ ಶಿಲೀಂಧ್ರ ಬೇರಿನಲ್ಲಿ ಸರಿಯಾಗಿ ಹರಡಲಿಲ್ಲ. ಓದಿದಾಗ ಮೈ ಜುಮ್ಮೆಂದಿತು ನನಗೆ.

ಇನ್ನು ರಂಜಕದ ವಿಷಯ. ಗಿಡಕ್ಕೆ ರಂಜಕ ಜಾಸ್ತಿ ಸಿಕ್ಕರೆ ಅದು ಶಿಲೀಂಧ್ರವನ್ನು ಕರೆಯುವುದನ್ನೇ ಕಡಿಮೆ ಮಾಡುತ್ತದೆ. ಹಾಗಾಗಿ ನೆಡುವ ಹೊತ್ತಿಗೆ ರಂಜಕದ ಗೊಬ್ಬರ ಸುರಿಯಬೇಡಿ. ಬೇರಿಗೆ ಶಿಲೀಂಧ್ರನಾಶಕವೂ ಬೇಡ. ಪದೇ ಪದೇ ಅಗೆದರೆ ಮಣ್ಣಿನಲ್ಲಿ ಹರಡಿದ ತೆಳ್ಳನೆಯ ಎಳೆಗಳು ಹರಿದುಹೋಗುತ್ತವೆ.

ಎಲೆಕೋಸು, ಹೂಕೋಸು, ಮೂಲಂಗಿ, ಸಾಸಿವೆಗೆ ಹಾಕಲೇಬೇಡಿ. ಆ ಕುಟುಂಬದ ಗಿಡಗಳು ಈ ಶಿಲೀಂಧ್ರದ ಜೊತೆ ಕೂಡುವುದಿಲ್ಲ. ಆ ಪುಡಿಯನ್ನು ಟೊಮೆಟೊ, ಮೆಣಸಿನಕಾಯಿ, ಬೀನ್ಸ್‌ಗೆ ಉಳಿಸಿಕೊಳ್ಳಿ.