ನೆಲದೊಳಗೆ ಇಳಿಯುವ ಕಂಬ: ಶಟಲ್ ನೆಟ್‌ಗೂ ಬಾವುಟಕ್ಕೂ

ಮೈಸೂರಿನ 40×60 ಸೈಟಿನಲ್ಲಿ ಮನೆ ಕಟ್ಟಿ ಉಳಿದ ಜಾಗದಲ್ಲಿ ಪೂರ್ತಿ ಶಟಲ್ ಕೋರ್ಟ್ ಹಿಡಿಯುವುದಿಲ್ಲ. ಕೋರ್ಟ್‌ನ ಉದ್ದವೇ 44 ಅಡಿ, ಅಗಲ 20 ಅಡಿ. ಆದರೂ ಮುಂದಿನ ಅಂಗಳದಲ್ಲಿ 20 ಅಡಿ ಅಗಲ ಸಿಕ್ಕರೆ ನೆಟ್ ಕಟ್ಟಿ ಮಕ್ಕಳು ಆಡಬಹುದು. ತೊಂದರೆ ಇರುವುದು ಕಂಬದ್ದು. ನೆಟ್ಟ ಕಂಬ ಕಾರು ತಿರುಗಿಸಲು ಅಡ್ಡ, ಟೈರಿನಲ್ಲಿ ಕಾಂಕ್ರೀಟ್ ತುಂಬಿ ನಿಲ್ಲಿಸಿದ ಕಂಬ ನೆಟ್ ಬಿಗಿದಂತೆ ಒಳಕ್ಕೆ ವಾಲುತ್ತದೆ. ಹಾಗಾಗಿ ನಾನು ಹಾಕಿದ್ದು ಕೊಳವೆಯೊಳಗೆ ಕೊಳವೆ: ಬೇಕಾದಾಗ ಮೇಲೆ, ಬೇಡವಾದಾಗ ನೆಲದ ಮಟ್ಟಕ್ಕೆ.

ಕಬ್ಬಿಣದ ಕೆಲಸ ಸುಲಭ. ಕಂಬ ಕೆಲಸ ಮಾಡುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಅದರ ಬುಡದಲ್ಲಿ ನೀರು ಇಂಗುತ್ತದೆಯೇ ಎಂಬ ಒಂದೇ ಸಂಗತಿ. ಆದ್ದರಿಂದ ಪೈಪು ಕೊಳ್ಳುವ ಮೊದಲು ಗುಂಡಿ ತೋಡಿ.

ಗುಂಡಿ 8 ಅಡಿ ಆಳ ಬೇಕು. ಬೇಲಿ ಕಂಬಕ್ಕೆ ಗುಂಡಿ ತೋಡುವ ಪೆಟ್ರೋಲ್ ಆಗರ್ ಸಾಮಾನ್ಯವಾಗಿ ಮೂರಡಿಗೆ ನಿಲ್ಲುತ್ತದೆ, ಎಕ್ಸ್‌ಟೆನ್ಷನ್ ರಾಡ್ ಇರುವವರನ್ನೇ ಕರೆಯಿರಿ. 9 ಇಂಚಿನ ಬಿಟ್ ಸಾಕು, ಮೇಲಿನ ಎರಡಡಿಯನ್ನು ಮಾತ್ರ ಹಾರೆಯಿಂದ ಒಂದಡಿ ಅಗಲ ಮಾಡಿಕೊಳ್ಳಬೇಕು. ಕೆಂಪು ಮಣ್ಣು ಬೇಗ ಇಳಿಯುತ್ತದೆ, ಕೆಳಗೆ ಗರಸು ಸಿಕ್ಕಾಗ ಆಗರ್ ತಿಣುಕುತ್ತದೆ. ಆದರೆ ಗರಸು ಸಿಗುವುದು ಒಳ್ಳೆಯದೇ, ನೀರು ಅಲ್ಲೇ ಇಂಗುವುದು. ಶುರು ಮಾಡುವ ಮುನ್ನ ಯುಜಿಡಿ (ಒಳಚರಂಡಿ) ಪೈಪು, ಸಂಪ್‌ಗೆ ಹೋಗುವ ನೀರಿನ ಪೈಪು, ಅರ್ಥಿಂಗ್ ಗುಂಡಿ, ನೆಲದಡಿಯ ವಿದ್ಯುತ್ ಕೇಬಲ್ ಎಲ್ಲೆಲ್ಲಿವೆ ಎಂದು ಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ. ಮೇಲೆ ಮನೆಗೆ ಬರುವ ಸರ್ವಿಸ್ ತಂತಿ ಇದ್ದರೆ ಅದರ ಕೆಳಗೆ ಕಂಬದ ಯೋಚನೆಯೇ ಬೇಡ.

ಗುಂಡಿ ಆದಮೇಲೆ ಒಂದು ಬಕೆಟ್, ಅಂದರೆ 12 ಲೀಟರ್ ನೀರು ಸುರಿಯಿರಿ. 9 ಇಂಚಿನ ಗುಂಡಿಯಲ್ಲಿ ಅದು ಸುಮಾರು ಒಂದಡಿ ನಿಲ್ಲುತ್ತದೆ. ಒಂದೆರಡು ಗಂಟೆಯಲ್ಲಿ ಇಂಗಿದರೆ ಮುಂದುವರಿಯಿರಿ. ಬೆಳಗಿನವರೆಗೂ ನಿಂತಿದ್ದರೆ ಅಲ್ಲಿಗೇ ಕೈಬಿಡಿ. ನಂಜನಗೂಡು ಕಡೆಯ ಎರೆಮಣ್ಣಿನಲ್ಲಿ ಈ ಪರೀಕ್ಷೆ ಸೋಲುವುದೇ ಹೆಚ್ಚು. ಮಂಡ್ಯದಲ್ಲಿ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಇನ್ನೊಂದು ತೊಡಕು: ಬೇಸಿಗೆಯಲ್ಲಿ ಒಣಗಿರುವ ಗುಂಡಿ, ನಾಲೆಗೆ ನೀರು ಬಿಟ್ಟು ಗದ್ದೆ ತುಂಬಿದ ಮೇಲೆ ಕೆಳಗಿನಿಂದಲೇ ತುಂಬಿಕೊಳ್ಳುತ್ತದೆ. ಅಲ್ಲಿ ಪರೀಕ್ಷೆ ಮಾಡಬೇಕಾದ್ದು ಭತ್ತದ ನಾಟಿ ಆದಮೇಲೆ. ನೀರು ನಿಲ್ಲುವ ಕಡೆ ಎರಡಡಿಯ ಸಾಕೆಟ್ ಹೂತು, ಕಂಬವನ್ನು ಕಿತ್ತು ಗೋಡೆಗೆ ಒರಗಿಸುವ ಪದ್ಧತಿಯೇ ಸರಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಈಗ ಪೈಪು. ಹೊರಗಿನದು ಎರಡೂವರೆ ಇಂಚಿನ ಜಿಐ, ಅಂದರೆ ಸತುವು ಲೇಪಿಸಿದ ಕಬ್ಬಿಣದ ಪೈಪು; ಬಿ ಕ್ಲಾಸ್ (ನಡು ದಪ್ಪದ್ದು), ನೀಲಿ ಪಟ್ಟಿಯದು. ಹೊರವ್ಯಾಸ 76.1 ಮಿ.ಮೀ., ದಪ್ಪ 3.6, ಹಾಗಾಗಿ ಒಳವ್ಯಾಸ ಸುಮಾರು 69. ಒಳಗಿನದು ಎರಡು ಇಂಚಿನದು, ಹೊರವ್ಯಾಸ ಸುಮಾರು 60. ಇದಕ್ಕೆ ಹಳದಿ ಪಟ್ಟಿಯ, ತೆಳುವಾದ ಎ ಕ್ಲಾಸ್ ಸಾಕು. ನೆಟ್‌ನ ಎಳೆತ 20 ಕೆ.ಜಿ. ಎಂದಿಟ್ಟುಕೊಂಡರೂ ಕಂಬದ ತುದಿ ಬಾಗುವುದು ಆರು ಮಿ.ಮೀ. ಮಾತ್ರ. ಬಿ ಕ್ಲಾಸ್ ಹಾಕಿದರೆ ಗಟ್ಟಿಯಾಗುವುದಕ್ಕಿಂತ ಎತ್ತುವವರ ಸೊಂಟಕ್ಕೆ ಭಾರವಾಗುವುದೇ ಹೆಚ್ಚು. ಹೊರ ಪೈಪು 2.10 ಮೀಟರ್, ಕಂಬ 2.05 ಮೀಟರ್. ಎತ್ತಿದಾಗ 1.57 ಮೀಟರ್ ಮೇಲೆ, 48 ಸೆಂ.ಮೀ. ಕೊಳವೆಯೊಳಗೆ. ನೆಟ್ ಕಟ್ಟುವ ತೂತು ನೆಲದಿಂದ 1.55 ಮೀಟರಿನಲ್ಲಿ, ಅದೇ ಕಂಬದ ಬಳಿ ನೆಟ್‌ಗೆ ಇರಬೇಕಾದ ಎತ್ತರ. ನಡುವೆ ಅದು 1.524ಕ್ಕೆ ಇಳಿದಿರಬೇಕು. ಜಿಐ ಪೈಪು 6 ಮೀಟರ್ ಉದ್ದ ಬರುವುದರಿಂದ ಎರಡು ಕಂಬಕ್ಕೆ ಎರಡು ಅಳತೆಯಲ್ಲೂ ಒಂದೊಂದೇ ಪೈಪು ಸಾಕು.

ಎರಡು ಪೈಪಿನ ನಡುವೆ ಸುತ್ತಲೂ ನಾಲ್ಕು ಮಿ.ಮೀ.ಗಿಂತ ಹೆಚ್ಚು ಸಂದು ಉಳಿಯುತ್ತದೆ. ಹಾಗೇ ಬಿಟ್ಟರೆ ಕಂಬದ ತುದಿ ಒಂದು ಇಂಚಿಗೂ ಮಿಕ್ಕಿ ಅಲ್ಲಾಡುತ್ತದೆ. ಈ ಸಂದನ್ನು ತುಂಬಲು ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ರಾಡ್‌ನಿಂದ ಲೇತ್‌ನಲ್ಲಿ ಬುಷ್, ಅಂದರೆ ಬಳೆಯಂಥ ತುಂಡುಗಳನ್ನು ತಿರುವಿಸಬೇಕು. ಹೆಬ್ಬಾಳ್ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಗಳಿಗೆ ಇದು ಸಣ್ಣ ಕೆಲಸ. ಅಂಗಡಿಯವರು ನೈಲಾನ್ ಕೊಡುತ್ತೇನೆ ಎನ್ನುತ್ತಾರೆ, ಒಪ್ಪಬೇಡಿ. ನೈಲಾನ್ ನೀರು ಕುಡಿದು ಉಬ್ಬುತ್ತದೆ, ಮಳೆಗಾಲದಲ್ಲಿ ಕಂಬ ಕಚ್ಚಿಕೊಂಡು ಕೂರುತ್ತದೆ. ಎಚ್‌ಡಿಪಿಇ ನೀರು ಹೀರುವುದಿಲ್ಲ, ಬಿಸಿಲಿಗೆ ಕೊಂಚ ಹಿಗ್ಗುತ್ತದೆ ಅಷ್ಟೆ. ಹಾಗಾಗಿ ಪ್ರತಿ ಬದಿಗೆ 0.4 ಮಿ.ಮೀ. ಸಡಿಲ ಬಿಡಿಸಿ.

ಪ್ರತಿ ಕಂಬಕ್ಕೆ ಮೂರು ತುಂಡು. ಎರಡು ಬಳೆಗಳು ಕಂಬದ ಹೊರಮೈಗೆ: ಒಂದು ತೀರಾ ಬುಡದಲ್ಲಿ, ಇನ್ನೊಂದರ ಮೇಲಂಚು ಬುಡದಿಂದ 43 ಸೆಂ.ಮೀ. ಮೇಲಕ್ಕೆ. ಎರಡೂ 5 ಸೆಂ.ಮೀ. ಉದ್ದ, ತಲೆ ಹುದುಗುವ ಎಂ5 (5 ಮಿ.ಮೀ.) ಸ್ಟೀಲ್ ಸ್ಕ್ರೂಗಳಿಂದ ಕಂಬಕ್ಕೆ ಬಿಗಿ. ಮೂರನೆಯದು ಹೊರ ಪೈಪಿನ ಬಾಯಿಗೆ ಕೂರುವ ಬುಷ್, ಟೋಪಿಯ ಹಾಗೆ ಅಂಚು ಇರುವಂಥದ್ದು. ಹೊರ ಪೈಪಿನ ಮೇಲ್ತುದಿಗೆ 150 ಮಿ.ಮೀ. ಚೌಕದ, 6 ಮಿ.ಮೀ. ದಪ್ಪದ ಕಾಲರ್ ಪ್ಲೇಟ್ ವೆಲ್ಡ್ ಮಾಡಿ, ಬುಷ್‌ನ ಅಂಚನ್ನು ಅದಕ್ಕೆ ಮೂರು ಎಂ6 ಸ್ಕ್ರೂ ಹಾಕಿ ಕೂರಿಸಬೇಕು. ಕಂಬ ಎತ್ತಿದಾಗ ಮೇಲಿನ ಬಳೆ ಈ ಬುಷ್‌ಗೆ ಬಂದು ತಾಗುತ್ತದೆ, ಕಂಬ ಪೂರ್ತಿ ಹೊರಗೆ ಬರುವುದಿಲ್ಲ. ಬುಷ್ ಸವೆದರೆ ಸ್ಕ್ರೂ ಬಿಚ್ಚಿ ಬದಲಾಯಿಸಬಹುದು.

ಮೊದಲ ಸಲ ಕಂಬ ಇಳಿಸುವಾಗ ಎಲ್ಲರೂ ಸಿಕ್ಕಿಬೀಳುವ ಜಾಗ ಒಂದಿದೆ. ಪೈಪಿನ ಒಳಗೆ ಉದ್ದಕ್ಕೂ ಬೆಸುಗೆಯ ಉಬ್ಬುಗೆರೆ ಇರುತ್ತದೆ. ಲೇತ್‌ನಲ್ಲಿ ನುಣ್ಣಗೆ ತಿರುವಿದ ಬಳೆ ಅದಕ್ಕೆ ಸಿಕ್ಕಿ ಅರ್ಧಕ್ಕೆ ನಿಲ್ಲುತ್ತದೆ. ಬಳೆ ಸಣ್ಣದು ಮಾಡಿಸಿದರೆ ಮತ್ತೆ ಅಲ್ಲಾಟ. ಮಾಡಬೇಕಾದ್ದು ಇಷ್ಟೆ: ಎರಡೂ ಬಳೆಗಳಲ್ಲಿ, ಬುಷ್‌ನ ಹೊರಮೈಯಲ್ಲೂ, ಒಂದೇ ಸಾಲಿಗೆ ಅರದಿಂದ 3 ಮಿ.ಮೀ. ಗಾಡಿ, ಅಂದರೆ ಉದ್ದನೆಯ ತೋಡು, ಕೊರೆಯುವುದು. ಉಬ್ಬುಗೆರೆ ಆ ಗಾಡಿಯಲ್ಲಿ ಓಡುತ್ತದೆ. ಜೊತೆಗೆ ಕಂಬ ತಿರುಗುವುದೂ ತಪ್ಪುತ್ತದೆ, ನೆಟ್ ಕಟ್ಟುವ ತೂತು ಪ್ರತಿ ಸಲವೂ ಸರಿಯಾದ ದಿಕ್ಕಿಗೇ ಬರುತ್ತದೆ. ಆದ್ದರಿಂದ ಹೊರ ಪೈಪು ಹೂಳುವ ಮುಂಚೆಯೇ ದಿಕ್ಕು ನೋಡಿಕೊಳ್ಳಿ, ಕಾಂಕ್ರೀಟ್ ಬಿದ್ದ ಮೇಲೆ ತಿರುಗಿಸಲಾಗದು.

ಎತ್ತಿದ ಕಂಬವನ್ನು ಹಿಡಿದಿಡಲು ಬುಷ್‌ನ ಮೇಲಂಚಿಗೆ ಸರಿಯಾಗಿ 13 ಮಿ.ಮೀ. ತೂತು, ಅದರಲ್ಲಿ 12 ಮಿ.ಮೀ. ಸ್ಟೀಲ್ ಪಿನ್. ಪಿನ್ ನೆಟ್‌ಗೆ ಅಡ್ಡಲಾಗಿ ಹೋಗಬೇಕು, ನೆಟ್‌ನ ಸಾಲಿನಲ್ಲಲ್ಲ. ನೆಟ್ ಎಳೆಯುವಾಗ ಕಂಬದ ನೆಟ್ ಕಡೆಯ ಮೈ ಮತ್ತು ಅದರ ಬೆನ್ನಿಗೇ ಒತ್ತಡ ಬೀಳುವುದು, ಅಲ್ಲಿ ತೂತು ಹೊಡೆದರೆ ಕಂಬ ಅದೇ ಜಾಗದಲ್ಲಿ ದುರ್ಬಲವಾಗುತ್ತದೆ.

ಮುಚ್ಚಳ ಬೇರೆ ಬೇಡ, ಕಂಬದ ತಲೆಯೇ ಮುಚ್ಚಳ. ಕಂಬದ ಪೈಪಿನ ಬಾಯಿಗೆ 8 ಮಿ.ಮೀ. ಪ್ಲೇಟ್ ವೆಲ್ಡ್ ಮಾಡಿ, ಅದರ ಮೇಲೆ 110 ಮಿ.ಮೀ. ಬಿಲ್ಲೆಯನ್ನು ಸ್ಕ್ರೂನಲ್ಲಿ ಕೂರಿಸಿ. ಬಿಲ್ಲೆಯನ್ನೇ ವೆಲ್ಡ್ ಮಾಡಿಬಿಟ್ಟರೆ ಮುಂದೆ ಬುಷ್ ತೆಗೆಯುವ ದಾರಿ ಮುಚ್ಚಿತು. ನಡುವೆ ಎಂ10 ಮರೆ (ಬೋಲ್ಟ್ ತಿರುಗಿಸುವ ಸುರುಳಿ ಗೆರೆ) ಕೊರೆದಿಟ್ಟರೆ ಅದಕ್ಕೆ ಐ ಬೋಲ್ಟ್, ಅಂದರೆ ತಲೆಯಲ್ಲಿ ಉಂಗುರ ಇರುವ ಬೋಲ್ಟ್, ತಿರುಗಿಸಿ ಕಂಬ ಎತ್ತಬಹುದು, ಎತ್ತಿದ ಮೇಲೆ ಬಿಚ್ಚಿ ಸಾದಾ ಬೋಲ್ಟ್ ಹಾಕಿ. ಬಿಲ್ಲೆಯ ಅಂಚು ಮಕ್ಕಳ ಮುಖದ ಎತ್ತರಕ್ಕೆ ಬರುತ್ತದೆ ಎಂಬುದು ಮರೆಯಬಾರದು, ಗ್ರೈಂಡರ್‌ನಲ್ಲಿ ದುಂಡಗೆ ಮಾಡಿ ರಬ್ಬರ್ ಪಟ್ಟಿ ಸುತ್ತಿ. ನೆಟ್‌ನ ಕೊಕ್ಕೆ ಕೂಡ ಬಿಚ್ಚುವಂಥದ್ದೇ ಇರಬೇಕು. ಕಂಬಕ್ಕೆ ಏನನ್ನು ವೆಲ್ಡ್ ಮಾಡಿದರೂ ಅದು ಬುಷ್‌ನಲ್ಲಿ ಇಳಿಯುವುದಿಲ್ಲ. ವೆಲ್ಡ್ ಆದ ಕಡೆಯೆಲ್ಲ ಸತುವು ಸುಟ್ಟಿರುತ್ತದೆ, ಜಿಂಕ್ ಪೇಂಟ್ ಎರಡು ಕೋಟ್ ಬಳಿಯಿರಿ.

ಕೂರಿಸುವುದು ಹೀಗೆ. ಗುಂಡಿಯ ತಳಕ್ಕೆ ಒಂದಡಿ 20 ಮಿ.ಮೀ. ಜಲ್ಲಿ. ಹೊರ ಪೈಪಿನ ತಳ ತೆರೆದೇ ಇರಬೇಕು, ಮಣ್ಣು ನುಗ್ಗದಂತೆ ಸೊಳ್ಳೆ ಪರದೆಯ ಸ್ಟೀಲ್ ಜಾಲರಿ ಮಾತ್ರ ಕಟ್ಟಿ. ತಳಕ್ಕೂ ಕಾಂಕ್ರೀಟ್ ಹಾಕಿ ಗಟ್ಟಿ ಮಾಡೋಣ ಎಂದು ಗಾರೆಯವರು ಹೇಳಿಯೇ ಹೇಳುತ್ತಾರೆ. ಹಾಕಿದರೆ ಅದು ಕಂಬದ ಕೊಳವೆಯಲ್ಲ, ನೀರಿನ ಕೊಡ. ಪೈಪಿನ ಸುತ್ತ ಮೇಲಿನ ಎರಡಡಿ ಬಿಟ್ಟು ಉಳಿದದ್ದಕ್ಕೆ ಜಲ್ಲಿ, ಮರಳು ತುಂಬಿ ದಮ್ಮಸ್ಸು ಮಾಡಿ. ಮೇಲಿನ ಎರಡಡಿಗೆ ಒಂದಡಿ ಅಗಲದ 1:1½:3 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟ್. ಎರಡು ಕಂಬಕ್ಕೂ ಸೇರಿ ಒಂದು ಮೂಟೆ ಸಿಮೆಂಟು ತೀರಾ ಸಾಕು. ಕಾಂಕ್ರೀಟ್ ಸುರಿಯುವಾಗ ಕಂಬ ಪೂರ್ತಿ ಎತ್ತಿದ ಸ್ಥಿತಿಯಲ್ಲೇ ಇರಲಿ, ತೂಗುಗುಂಡು ಹಿಡಿದು ತುದಿಯನ್ನು ಹೊರಗಡೆಗೆ 10 ಮಿ.ಮೀ. ವಾಲಿಸಿ ನಿಲ್ಲಿಸಿ. ನೆಟ್ ಬಿಗಿದಾಗ ಬಾಗುವ ಆರು ಮಿ.ಮೀ., ಬುಷ್‌ನ ಸಡಿಲದಿಂದ ಬರುವ ಮೂರು ಮಿ.ಮೀ. ಸೇರಿ ಕಂಬ ನೆಟ್ಟಗಾಗುತ್ತದೆ. ಏಳು ದಿನ ನೀರು ಕಟ್ಟಿ, ಅಲ್ಲಿಯವರೆಗೆ ನೆಟ್ ಬಿಗಿಯಬೇಡಿ. ಕಾಲರ್ ಸುತ್ತಲಿನ ನೆಲಕ್ಕಿಂತ 5 ಮಿ.ಮೀ. ಎತ್ತರ ಇದ್ದು, ಕಾಂಕ್ರೀಟ್ ಹೊರಗಡೆಗೆ ಇಳಿಜಾರಿರಲಿ. ಮೇ ಮತ್ತು ಅಕ್ಟೋಬರ್ ಮಳೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಗ್ರೀಸ್ ಹಚ್ಚಬೇಡಿ. ಗ್ರೀಸಿಗೆ ಮರಳು ಅಂಟಿ ಉಜ್ಜುಕಾಗದದ ಹಾಗೆ ಬುಷ್ ತಿನ್ನುತ್ತದೆ. ಇಳಿಸುವ ಮುಂಚೆ ಒಣ ಬಟ್ಟೆಯಲ್ಲಿ ಕಂಬ ಒರೆಸಿ, ತಿಂಗಳಿಗೊಮ್ಮೆ ಮೇಣದಬತ್ತಿ ಉಜ್ಜಿದರೆ ಸಾಕು. ವಾರಕ್ಕೊಮ್ಮೆಯಾದರೂ ಎತ್ತಿ ಇಳಿಸದಿದ್ದರೆ ಇರುವೆಗಳು ಮಣ್ಣು ಕಟ್ಟುತ್ತವೆ. ಕಂಬ ಒಂಬತ್ತು ಕೆ.ಜಿ. ಮೇಲಿದೆ, ಪಿನ್ ಎಳೆದಾಗ ಬಿಲ್ಲೆಯ ಕೆಳಗೆ ಬೆರಳಿದ್ದರೆ ಜಜ್ಜುತ್ತದೆ. ಪಿನ್ ತೆಗೆಯುವುದು ದೊಡ್ಡವರ ಕೆಲಸ, ಒಂದು ಕೈ ಕಂಬದ ಮೇಲೆ ಇದ್ದಾಗ ಮಾತ್ರ.

ಬಾವುಟಕ್ಕೆ ಬೇರೆ ಗುಂಡಿ ತೋಡುವ ಅಗತ್ಯವಿಲ್ಲ. ಒಂದು ಕಂಬದೊಳಗೆ ಒಂದೂವರೆ ಇಂಚಿನ ಪೈಪನ್ನು ಇದೇ ಬಳೆ-ಬುಷ್ ಲೆಕ್ಕದಲ್ಲಿ ಇಳಿಸಿದರೆ ಹತ್ತು ಅಡಿ ಎತ್ತರ ಸಿಗುತ್ತದೆ. ಆಗ ಬಿಲ್ಲೆ ಕೂರಬೇಕಾದ್ದು ಒಳಗಿನ ಪೈಪಿನ ತಲೆಗೆ. ಈ ಎತ್ತರಕ್ಕೆ 900×600 ಮಿ.ಮೀ. ಬಾವುಟ ಒಪ್ಪುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ಧ್ವಜ ಈ ಅಳತೆಯಲ್ಲೂ ಇದೆ. 2022ರ ತಿದ್ದುಪಡಿಯ ನಂತರ ಮನೆಯ ಮೇಲೆ ರಾಷ್ಟ್ರಧ್ವಜ ರಾತ್ರಿಯೂ ಹಾರಬಹುದು. ಇಳಿಯುವ ಕಂಬದಲ್ಲಿ ಜಾಗ್ರತೆ ಬೇಕಾದ್ದು ಬೇರೆ ಕಡೆ: ರಾಷ್ಟ್ರಧ್ವಜ ನೆಲ ಮುಟ್ಟಬಾರದು, ಆದ್ದರಿಂದ ಬಾವುಟವನ್ನು ಪೂರ್ತಿ ಬಿಚ್ಚಿ ಮಡಿಸಿಟ್ಟ ಮೇಲೆಯೇ ಪಿನ್‌ಗೆ ಕೈ ಹಾಕಿ. ನವೆಂಬರ್ 1ರಂದು ಹಳದಿ-ಕೆಂಪು ಬಾವುಟ ಏರಿಸುವವರು ಅದನ್ನು ರಾಷ್ಟ್ರಧ್ವಜದ ಜೊತೆ ಒಂದೇ ಕಂಬಕ್ಕೆ ಕಟ್ಟುವಂತಿಲ್ಲ.