ವಿಂಗರ್ ಹುಡುಗಿಯರು ಬಾಕ್ಸ್ ಒಳಗಿನ ಸ್ಟ್ರೈಕರ್ ಆದದ್ದು: ನನ್ನ ಅನುಭವ

ಫುಟ್‌ಬಾಲ್‌ನಲ್ಲಿ ಓಟ ಚೆನ್ನಾಗಿರುವ ಹುಡುಗಿ ಸಿಕ್ಕರೆ ಸೀದಾ ವಿಂಗಿಗೆ (ಮೈದಾನದ ಪಕ್ಕದ ಅಂಚಿಗೆ) ಹಾಕುವುದು, ಗೋಲು ಹೊಡೆಯುವ ಸ್ಟ್ರೈಕರ್ ಆಗಬೇಕಾದವಳಿಗೆ ದಿನಾ ಬಾಕ್ಸ್ (ಗೋಲಿನ ಮುಂದೆ ಗೆರೆ ಹಾಕಿದ ಜಾಗ) ಹೊರಗಿನಿಂದ ಜೋರಾಗಿ ಹೊಡೆಸುವುದು ನಮ್ಮಲ್ಲಿ ರೂಢಿ. ನಾನು ಎರಡನ್ನೂ ಬಿಟ್ಟೆ. ಬಾಕ್ಸ್ ಒಳಗೆ ಒಂದೇ ಟಚ್‌ನಲ್ಲಿ ಮುಗಿಸುವುದು, ಅದಕ್ಕೆ ಮುಂಚಿನ ಮೂರು ಹೆಜ್ಜೆ, ಇಷ್ಟನ್ನೇ ಹಿಡಿದು ಕೂತೆ. "ಹೀಗೆ ಬರೀ ತಳ್ಳಿಸಿದ್ರೆ ಶಾಟ್‌ಗೆ ಪವರ್ ಎಲ್ಲಿಂದ ಬರುತ್ತೆ ಮೇಡಂ?" ಎಂದು ಕೇಳುತ್ತಿದ್ದ ಕೋಚ್‌ಗಳೇ ಈಗ ಡ್ರಿಲ್ ನೋಡಲು ಬರುತ್ತಾರೆ. ಬಾಕ್ಸ್‌ನಲ್ಲಿ ಸಿಕ್ಕ ಹತ್ತು ಅವಕಾಶದಲ್ಲಿ ಎರಡು ಗೋಲಾಗುತ್ತಿದ್ದದ್ದು ಈಗ ನಾಲ್ಕರ ಹತ್ತಿರ ಬಂದಿದೆ.

ಪೂರ್ತಿ ಮೈದಾನ ಬೇಕಾಗಿಲ್ಲ. ಬೆಂಗಳೂರಿನ ಫೈವ್ಸ್ (ತಂಡಕ್ಕೆ ಐವರ ಆಟದ) ಟರ್ಫ್‌ಗೆ ಸಂಜೆ ಗಂಟೆಗೆ 1,500 ರೂಪಾಯಿ ಮೇಲೆಯೇ ಆಗುತ್ತದೆ. ಬೆಳಿಗ್ಗೆ ಆರಕ್ಕೆ ಮಾತಾಡಿದರೆ 800ಕ್ಕೆ ಬಿಡುತ್ತಾರೆ. ಅಲ್ಲಿನ ಚಿಕ್ಕ ಗೋಲು ಬೇಡ. ಹಿಂದಿನ ಬಲೆಗೆ 7.32 ಮೀಟರ್ ಅಳೆದು ಟೇಪ್ ಅಂಟಿಸಿ, ಎರಡೂ ಕಡೆ ಪೋಸ್ಟ್‌ನಿಂದ ಒಳಗೆ ಒಂದು ಮೀಟರ್‌ಗೆ ಬಿಬ್ (ತಂಡ ಗುರುತಿಸಲು ಹಾಕುವ ತೋಳಿಲ್ಲದ ಅಂಗಿ) ಕಟ್ಟುತ್ತೇನೆ. ಬಿಬ್‌ಗೂ ಪೋಸ್ಟ್‌ಗೂ ನಡುವೆ ಹೋದದ್ದಕ್ಕೆ ಮಾತ್ರ ಲೆಕ್ಕ.

ಕಟ್‌ಬ್ಯಾಕ್ ಡ್ರಿಲ್ ಹೀಗೆ. ಕಟ್‌ಬ್ಯಾಕ್ ಅಂದರೆ ವಿಂಗರ್ ಗೋಲಿನ ಗೆರೆ ಹತ್ತಿರದಿಂದ ಹಿಂದಕ್ಕೆ ಕೊಡುವ ಪಾಸ್. ಸ್ಟ್ರೈಕರ್ ನಿಲ್ಲುವುದು ಡಿಫೆಂಡರ್‌ನ ಹಿಂಭುಜದ ಕಡೆ, ಅವಳ ಕಣ್ಣಿಗೆ ಬೀಳದಂತೆ. ವಿಂಗರ್ ತಲೆ ಎತ್ತಿದಾಗ ನಿಯರ್ ಪೋಸ್ಟ್ (ವಿಂಗರ್‌ಗೆ ಹತ್ತಿರದ ಗೋಲುಕಂಬ) ಕಡೆ ಎರಡು ಚುರುಕಾದ ಹೆಜ್ಜೆ. ಡಿಫೆಂಡರ್‌ನ ಭಾರ ಗೋಲಿನ ಕಡೆ ವಾಲಿದ ಕ್ಷಣ ಹೊರಗಾಲಿನ ಮೇಲೆ ಬ್ರೇಕ್ ಹಾಕಿ ಪೆನಾಲ್ಟಿ ಸ್ಪಾಟ್ ಕಡೆಗೆ ವಾಪಸ್. ಪಾದದ ಒಳಬದಿ, ಕಣಕಾಲು ಬಿಗಿ, ಊರಿದ ಕಾಲು ಚೆಂಡಿನ ಪಕ್ಕದಲ್ಲೇ ಇರಬೇಕು. ಅದು ಒಂದು ಗೇಣು ಹಿಂದೆ ಉಳಿದರೂ ಮೈ ಹಿಂದಕ್ಕೆ ಬಾಗಿ ಚೆಂಡು ಬಾರ್ ಮೇಲೆ ಹೋಗುತ್ತದೆ. ಆರು ಚೆಂಡಿಗೊಂದು ಸೆಟ್, ನಡುವೆ ಒಂದೂವರೆ ನಿಮಿಷ ಬಿಡುವು, ಐದಾರು ಸೆಟ್. ಚೆಂಡು ನಲವತ್ತು ದಾಟಿದರೆ ತೊಡೆಸಂದಿ ಹಿಡಿಯುತ್ತದೆ.

ಶುರುವಿನಲ್ಲಿ ಗೋಲು ಕಡಿಮೆಯೇ ಆದವು, ಅನುಮಾನ ಹೆಚ್ಚಾದದ್ದೂ ಆಗಲೇ. ಹುಡುಗಿಯರು ಬೇಗ ಓಡಿ, ಚೆಂಡು ಬರುವ ಮೊದಲೇ ಸ್ಪಾಟ್‌ನಲ್ಲಿ ನಿಂತುಬಿಡುತ್ತಿದ್ದರು. ನಿಂತವಳನ್ನು ಹಿಡಿಯುವುದು ಯಾವ ಡಿಫೆಂಡರ್‌ಗೂ ಸುಲಭ. ಕ್ರಾಸ್‌ಗೆ ಮುಂಚಿನ ವಿಂಗರ್‌ನ ಕೊನೆಯ ಟಚ್‌ವರೆಗೆ ಅವರನ್ನು ತಡೆದ ಮೇಲೆ ಸರಿಹೋಯಿತು. ಆ ತಡೆಗೆ ವಿಂಗರ್ ಜತೆ ಒಂದು ಸನ್ನೆ ಇದೆ. ಎದುರಾಳಿಗಳೂ ಓದುತ್ತಾರಾದ್ದರಿಂದ ಅದನ್ನಿಲ್ಲಿ ಬರೆಯುವುದಿಲ್ಲ.

ಹಗುರ ಅಂತ ನಾಲ್ಕನೇ ಸೈಜ್ ಚೆಂಡಿನಲ್ಲೂ ಮಾಡಿಸಿ ನೋಡಿದೆ, ದಂಡ. ಮ್ಯಾಚ್‌ನ ಐದನೇ ಸೈಜ್ 410ರಿಂದ 450 ಗ್ರಾಂ; ಅದಕ್ಕೆ ಬಂದಾಗ ಟೈಮಿಂಗ್ ಎಲ್ಲ ಕೆಟ್ಟಿತು. ಫುಟ್ಸಲ್ ಚೆಂಡು ಮಾತ್ರ ಲಾಭ ಕೊಟ್ಟಿತು. ಪುಟಿಯುವುದು ಕಡಿಮೆಯಾದ್ದರಿಂದ ಮೊದಲ ಹತ್ತು ನಿಮಿಷ ಅದರಲ್ಲೇ ಮಾಡಿಸಿದರೆ ಪಾಸ್ ನೆಲ ಬಿಡುವುದಿಲ್ಲ.

ಶೂ ವಿಷಯದಲ್ಲಿ ಉಳಿತಾಯ ನೋಡಬೇಡಿ. ಹುಲ್ಲಿನ ಮೈದಾನದ ಉದ್ದ ಬ್ಲೇಡ್ ಸ್ಟಡ್ ಹಾಕಿ ಕೃತಕ ಟರ್ಫ್‌ನಲ್ಲಿ ಈ ಬ್ರೇಕ್ ಹಾಕಿದರೆ ಪಾದ ಅಲ್ಲೇ ಕಚ್ಚಿಕೊಂಡು ಮಂಡಿ ತಿರುಚುತ್ತದೆ. ಎಸಿಎಲ್ (ಮಂಡಿಯೊಳಗಿನ ಮುಖ್ಯ ಅಸ್ಥಿರಜ್ಜು) ಹರಿಯುವುದು ಗಂಡಸರಿಗಿಂತ ಹೆಣ್ಣುಮಕ್ಕಳಲ್ಲಿ ಹೆಚ್ಚು. ಗಿಡ್ಡ ಗುಂಡಿಗಳ ಟಿಎಫ್ (ಟರ್ಫ್) ಶೂ ಮೂರು ಸಾವಿರದೊಳಗೆ ಬರುತ್ತದೆ. ಗಂಡಸರ ಅಳತೆಯ ಶೂನಲ್ಲಿ ಹಿಮ್ಮಡಿ ಜಾರಿದರೆ ಮೇಲಿನ ಹೆಚ್ಚುವರಿ ತೂತಿಗೂ ಲೇಸ್ ಹಾಕಿಸಿ. ಗಾಯ ತಡೆಯಲು ರೂಪಿಸಿದ ಫಿಫಾ 11+ ವಾರ್ಮ್‌ಅಪ್‌ಗೆ ಇಪ್ಪತ್ತು ನಿಮಿಷ ಕೊಡಲೇಬೇಕು, ಅದರಲ್ಲೂ ಒಂಟಿಗಾಲಿನ ಲ್ಯಾಂಡಿಂಗ್ ಬಿಡುವಂತಿಲ್ಲ.

ಹೊರದೇಶದ ದಾರಿ ಈಗ ಕನಸಲ್ಲ. ಬೆಂಗಳೂರು ಎಫ್‌ಸಿಗೂ ಸ್ಕಾಟ್ಲೆಂಡಿನ ರೇಂಜರ್ಸ್‌ಗೂ ಇದ್ದ ಒಪ್ಪಂದದ ಮೂಲಕ ಭಾರತ ತಂಡದ ಸ್ಟ್ರೈಕರ್ ಬಾಲಾ ದೇವಿ 2019ರ ನವೆಂಬರ್‌ನಲ್ಲಿ ಗ್ಲಾಸ್ಗೋದಲ್ಲಿ ಟ್ರಯಲ್ ಕೊಟ್ಟರು. 2020ರ ಜನವರಿಯಲ್ಲಿ ಹದಿನೆಂಟು ತಿಂಗಳ ಕರಾರು ಬಂತು. ಭಾರತದ ಮನೀಷಾ ಕಲ್ಯಾಣ್ 2021ರಲ್ಲಿ ಬ್ರೆಜಿಲ್ ವಿರುದ್ಧ ಗೋಲು ಹೊಡೆದು, ಮರುವರ್ಷ ಸೈಪ್ರಸ್‌ನ ಅಪೊಲ್ಲೋನ್ ಕ್ಲಬ್ ಸೇರಿ ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗ್ ಆಡಿದರು. ಅಲ್ಲಿನ ಕ್ಲಬ್‌ಗಳಿಗೆ ಹಾಡು ಸೇರಿಸಿದ ಎರಡು ನಿಮಿಷದ ವಿಡಿಯೋ ಕಳಿಸಿ ಫಲವಿಲ್ಲ. ಗ್ಯಾಲರಿ ಎತ್ತರದಿಂದ ತೆಗೆದ ಪೂರ್ತಿ 90 ನಿಮಿಷದ ಮೂರು ಮ್ಯಾಚ್ ಕಳಿಸಿ. ಚೆಂಡಿಲ್ಲದಾಗ ಅವಳು ಎಲ್ಲಿರುತ್ತಾಳೆ ಎಂಬುದು ಅದರಲ್ಲಿ ಮಾತ್ರ ಕಾಣುತ್ತದೆ.

ಕರಾರು ಬಂದಾಗ ಸಂಬಳಕ್ಕಿಂತ ಮೊದಲು ಗಾಯದ ಕಲಂ ಓದಿ. ಎಸಿಎಲ್ ಆಪರೇಷನ್‌ಗೆ ಖಾಸಗಿಯಲ್ಲಿ ಲಕ್ಷಗಟ್ಟಲೆ ಖರ್ಚು, ಮೈದಾನಕ್ಕೆ ಮರಳಲು ಸುಮಾರು 9 ತಿಂಗಳು. ಆ ಖರ್ಚು ಕ್ಲಬ್‌ನದು, ಸೀಸನ್ ಮುಗಿದ ಮೇಲೂ ಫಿಸಿಯೋ ಕ್ಲಬ್‌ನದು ಎಂದು ಬರೆಸಿಕೊಂಡೇ ಸಹಿ ಹಾಕಿಸಿ.