ತದಡಿಗೆ ಹೋಗಲು ಪಂಚಾಂಗ ನೋಡಿದೆ

ನಾನು ಶಿರಸಿಯವನು. ನಮ್ಮೂರಿನ ಶಂಕರಹೊಂಡವನ್ನು ಅಘನಾಶಿನಿಯ ಒಂದು ಮೂಲವೆನ್ನುತ್ತಾರೆ. ದೊಡ್ಡ ಅಣೆಕಟ್ಟೆಗೆ ಎಲ್ಲಿಯೂ ಸಿಕ್ಕಿಬೀಳದ ಆ ನದಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಘಟ್ಟ ಇಳಿದು, ಗೋಕರ್ಣದ ಹತ್ತಿರದ ತದಡಿಯ ಅಳಿವೆಯಲ್ಲಿ ಕಡಲು ಸೇರುತ್ತದೆ.

ಅಲ್ಲಿನ ನೀರಿನ ಏರಿಳಿತ ನೋಡಲು ಮೊದಲ ಸಲ ಹೋದಾಗ ಏನೂ ಕಾಣಲಿಲ್ಲ. ನಡುಮಧ್ಯಾಹ್ನ ತಲುಪಿದ್ದೆ, ಅದೂ ಅಷ್ಟಮಿಯ ದಿನ. ದಡದಲ್ಲಿ ಬಲೆ ಸರಿಪಡಿಸುತ್ತಿದ್ದ ಹಿರಿಯರೊಬ್ಬರು, "ಅಷ್ಟಮಿಗೆ ನೀರು ಏರುವುದೂ ಅಷ್ಟಕ್ಕಷ್ಟೆ, ಇಳಿಯುವುದೂ ಅಷ್ಟಕ್ಕಷ್ಟೆ. ಹುಣ್ಣಿಮೆಗೆ ಬನ್ನಿ" ಎಂದರು.

ಹಾಗಾಗಿ ಜನವರಿಯ ಹುಣ್ಣಿಮೆ ನೋಡಿಕೊಂಡು ಹೋದೆ. ಅಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಂದು ಭರತ, ಅಂದರೆ ನೀರಿನ ಉಬ್ಬರ, ಬೆಳಿಗ್ಗೆ ಹನ್ನೊಂದರ ಆಸುಪಾಸು, ಇಳಿತ ಸಂಜೆಯ ಹೊತ್ತಿಗೆ. ಮರುದಿನಕ್ಕೆ ಎರಡೂ ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತವೆ. ಬಸ್ಸಿನ ವೇಳೆ ಆಮೇಲೆ ನೋಡಿದರೂ ಆದೀತು, ನೀರಿನ ವೇಳೆ ಮೊದಲು ನೋಡಬೇಕು.

ಬೆಳಗಿನ ಜಾವ ದಕ್ಕೆಯಲ್ಲಿದ್ದೆ. ಬೋಟುಗಳಿಂದ ಬಂಗಡೆಯ ಬುಟ್ಟಿಗಳು ಇಳಿಯುತ್ತಿದ್ದವು, ಮೇಲೆ ಗರುಡಗಳು ಸುತ್ತುತ್ತಿದ್ದವು. ಎಂಟೂವರೆಗೆಲ್ಲ ಗದ್ದಲ ಮುಗಿದು ಬಂದರು ಮತ್ತೆ ಮೌನವಾಯಿತು. ಜೂನ್, ಜುಲೈನಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ 61 ದಿನ ನಿಷೇಧ. ಬೆಳಗಿನ ಈ ಸಂಭ್ರಮ ನೋಡಬೇಕೆನ್ನುವವರು ಆಗ ಹೋಗಬಾರದು.

ಭರತದ ಹೊತ್ತಿಗೆ ತಾರಿಯಲ್ಲಿ, ಅಂದರೆ ಹೊಳೆ ದಾಟಿಸುವ ದೋಣಿಯಲ್ಲಿ, ಆಚೆ ದಡದ ಅಘನಾಶಿನಿ ಊರಿಗೆ, ಅಲ್ಲಿಂದ ರಿಕ್ಷಾದಲ್ಲಿ ಬಾಡದ ಕಡಲತೀರಕ್ಕೆ ಹೋದೆ. ಕೊನೆಯ ತಾರಿ ಎಷ್ಟು ಹೊತ್ತಿಗೆಂದು ದಾಟುವ ಮೊದಲೇ ಕೇಳಿಟ್ಟುಕೊಂಡಿದ್ದೆ. ಬಾಡದಲ್ಲಿ ಎರಡು ತಾಸು ಸುಮ್ಮನೆ ಕೂತಿದ್ದೆ, ಅಷ್ಟೆ. ನೀರಿಗಿಳಿಯುವವರಿಗೆ ಒಂದು ಮಾತು: ಅಳಿವೆಯ ಬಾಯಲ್ಲಿ ಖಂಡಿತ ಇಳಿಯಬೇಡಿ. ಇಳಿತದ ವೇಳೆ ನದಿಯ ನೀರೆಲ್ಲ ಕಡಲಿಗೆ ಓಡುತ್ತದೆ, ಮೇಲ್ನೋಟಕ್ಕೆ ಶಾಂತವಾಗಿದ್ದರೂ ಸೆಳೆತ ಬಲು ಜೋರು.

ನಾಲ್ಕಕ್ಕೆ ತದಡಿಗೆ ಮರಳಿದಾಗ ಬೆಳಿಗ್ಗೆ ಕಂಡ ನದಿ ಅಲ್ಲಿರಲಿಲ್ಲ. ನಡುವೆ ಕೆಸರಿನ ದಿಬ್ಬಗಳು ಎದ್ದಿದ್ದವು, ಅವುಗಳ ಮೇಲೆ ಹೆಂಗಸರು ಬಳಚು ಎಂಬ ಚಿಪ್ಪುಜೀವಿಯನ್ನು ಆಯುತ್ತಿದ್ದರು. ಪಟ್ಟಿ ಇರುವ ಚಪ್ಪಲಿ ಹಾಕಿಕೊಂಡು ಹೋಗಿ. ಚಿಪ್ಪಿನ ಅಂಚು ಅಂಗಾಲನ್ನು ಸೀಳಿಬಿಡುತ್ತದೆ. ಹತ್ತಿರದಲ್ಲಿದ್ದ ಅಕ್ಕನ ಅಪ್ಪಣೆ ಕೇಳಿ ಪಕ್ಕದಲ್ಲಿ ಕುಳಿತೆ. ಅವರು ಕಣ್ಣಿನಿಂದ ಹುಡುಕುತ್ತಲೇ ಇರಲಿಲ್ಲ. ಐದೂ ಬೆರಳುಗಳನ್ನು ಕೆಸರಿಗೆ ಊರಿ ಬಾಚುತ್ತಿದ್ದರು, ಗಟ್ಟಿಯಾದದ್ದು ತಗುಲಿದೊಡನೆ ಹೆಬ್ಬೆರಳು ಮಡಚಿ ಎತ್ತುತ್ತಿದ್ದರು. ನಾನೂ ಕೈಹಾಕಿದೆ. ಅರ್ಧ ತಾಸಿನಲ್ಲಿ ನನಗೆ ಹನ್ನೊಂದು, ಅವರಿಗೆ ಬುಟ್ಟಿಯ ಕಾಲು ಭಾಗ.

2024ರಲ್ಲಿ ಈ ಅಳಿವೆ ರಾಮ್ಸರ್ ತಾಣವಾಯಿತು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. 4,801 ಹೆಕ್ಟೇರ್ ಎಂದು ಓದಿದಾಗ ಅದು ಬರೀ ಅಂಕಿಯಾಗಿತ್ತು. ಈಗ ಅದು ಆ ಬೆರಳುಗಳು, ಮೇಲ್ದಂಡೆಯ ಗಜನಿ ಎಂಬ ತಗ್ಗು ಗದ್ದೆಗಳಲ್ಲಿ ಉಪ್ಪುನೀರಿಗೆ ಜಗ್ಗದೆ ಬೆಳೆಯುವ ಕಗ್ಗ ಭತ್ತ, ಆ ಗದ್ದೆಯ ಸಿಗಡಿ. ನಮ್ಮ ಘಟ್ಟದ ಮಳೆನೀರು ತಡೆಯಿಲ್ಲದೆ ಇಲ್ಲಿಯವರೆಗೆ ಬರುವುದರಿಂದಲೇ ಇದೆಲ್ಲ ಉಳಿದಿದೆ ಎಂದು ನಾನು ನಂಬುತ್ತೇನೆ.

"ದೋಣಿ ಕೆಸರಿನಲ್ಲಿ ಕೂತಿದೆಯಲ್ಲ ಅಕ್ಕಾ, ಹೇಗೆ ಹೋಗುತ್ತೀರಿ?"

"ಚಂದ್ರ ಮೇಲೆ ಬರಲಿ ತಮ್ಮಾ, ನೀರೇ ಎತ್ತುತ್ತದೆ."

ಹೊತ್ತು ಮುಳುಗುವಾಗ ಪೂರ್ವಕ್ಕೆ, ಘಟ್ಟದ ನೆತ್ತಿಯ ಮೇಲೆ ಚಂದ್ರ ಕಂಡಿತು. ನಾನು ದಡಕ್ಕೆ ಬಂದು ನಿಂತೆ. ಪಾತಿ ದೋಣಿಯ ಅಡಿಗೆ ನೀರು ಬಂತು. ದೋಣಿ ಒಮ್ಮೆ ಅಲುಗಿತು, ಸ್ವಲ್ಪ ಹೊತ್ತಿಗೆ ತೇಲಿತು. ಅವರು ಬುಟ್ಟಿಗಳನ್ನಿಟ್ಟು ಜಲ್ಲೆ ಊರಿ ಹೊರಟರು.